ಗುಂಡಿ ತಪ್ಪಿಸಿ ಓಡಿದ ಬಸ್ಸು

ನಮ್ಮ ಅತ್ತಿಗೆ ಬಸ್ ಕಂಡಕ್ಟರ್. ನಾನು ದಿನಾ ಅವಳ ಬಸ್ಸಿನಲ್ಲೇ ಕೆಲಸಕ್ಕೆ ಹೋಗುತ್ತೇನೆ, ಆದರೆ ಇವತ್ತಿನವರೆಗೆ ಒಂದು ಸಲವೂ ಪುಕ್ಕಟೆ ಹೋದವಳಲ್ಲ. ಬೆಳಿಗ್ಗೆ ಒಂದೇ ಒಲೆಯ ಮುಂದೆ ನಿಂತು ಕಾಫಿ ಕುಡಿದಿರುತ್ತೇವೆ, ಒಂದೇ ಬಾಚಣಿಗೆಯಲ್ಲಿ ತಲೆ ಬಾಚಿಕೊಂಡಿರುತ್ತೇವೆ. ಬಸ್ ಹತ್ತಿದ ಮೇಲೆ ಮಾತ್ರ ಯಾರೋ ಏನೋ ಅನ್ನುವ ಹಾಗೆ ಮುಂದೆ ಬಂದು ನಿಂತು "ಎಲ್ಲಿಗೆ?" ಅನ್ನುತ್ತಾಳೆ. ಒಮ್ಮೆ ರೇಗಿ "ಮಸಣಕ್ಕೆ" ಅಂದೆ. "ಈ ಬಸ್ಸು ಅಲ್ಲಿಗೆ ಹೋಗಲ್ಲ, ಇಳೀರಿ" ಅಂದಳು. ಬಸ್ಸಿಗೆ ಬಸ್ಸೇ ನಕ್ಕಿತು.

ಅವಳು ನಮ್ಮಣ್ಣನ ಹೆಂಡತಿ. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಸಂಬಂಧದಲ್ಲಿ ದೊಡ್ಡವಳು. ಆದ್ದರಿಂದ ನಾನು ಕರೆಯುವುದು ಅತ್ತಿಗೆ ಅಂತ, ಬೈಯುವುದು ಏಕವಚನದಲ್ಲಿ. ಅವಳು ನನ್ನನ್ನು ಅಕ್ಕ ಅನ್ನುತ್ತಾಳೆ. ಅಣ್ಣ ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸುವವನು. ಸಂಜೆ ಮನೆಗೆ ಬಂದಾಗ ಅವನ ಉಗುರು ನೋಡಿದರೆ ಊರಿನಲ್ಲಿ ಯಾವ ಬಣ್ಣಕ್ಕೆ ಗಿರಾಕಿ ಹೆಚ್ಚು ಅಂತ ತಿಳಿಯುತ್ತದೆ. ನಾನಿರುವುದು ಕನ್ನಡಕದ ಅಂಗಡಿಯಲ್ಲಿ. ಇನ್ನು ಅಣ್ಣನ ಮಗಳು. ಅವಳಿಗೆ ಚೆಕಿಂಗ್ ಅಂತ ಹೆಸರಿಟ್ಟವಳು ನಾನೇ, ಯಾಕೆಂದರೆ ಬಾಗಿಲಿಗೆ ಅಡ್ಡ ನಿಂತು ಮನೆಗೆ ಬಂದವರನ್ನೆಲ್ಲ "ಟಿಕೆಟ್ ತೋರ್ಸಿ" ಅಂತ ತಡೆಯುವುದು ಅವಳ ಆಟ.

ಅತ್ತಿಗೆಯ ಬಂಡವಾಳವೆಲ್ಲ ಗಂಟಲು. ಮನೆಯಲ್ಲಿ ಪಕ್ಕದಲ್ಲಿ ಕೂತವರಿಗೂ ಕೇಳದಷ್ಟು ಮೆತ್ತಗೆ ಮಾತಾಡುವವಳು, ಬಸ್ಸಿನಲ್ಲಿ ಬಾಯಿ ತೆಗೆದರೆ ಫುಟ್‌ಬೋರ್ಡಿಗೆ ಜೋತುಬಿದ್ದವರ ಎದೆ ಝಲ್ಲೆನ್ನುತ್ತದೆ. "ಒಳಗೆ ಬನ್ರಪ್ಪಾ, ಒಳಗೆ ಜಾಗ ಖಾಲಿ ಇದೆ! ಬಾಗ್ಲಲ್ಲೇ ಏನು ಬೇರು ಬಿಟ್ಕೊಂಡು ನಿಂತಿದ್ದೀರ?" ಇದನ್ನು ಅವಳು ನಿದ್ದೆಯಲ್ಲೂ ಹೇಳುತ್ತಾಳೆ ಅಂತ ಅಣ್ಣನ ದೂರು.

ಸ್ಟೇರಿಂಗ್ ಹಿಡಿದವರು ಡ್ರೈವರ್ ಮಾವ. ಯಾರಿಗೂ ನಿಜವಾದ ಮಾವನಲ್ಲ, ಎಲ್ಲರಿಗೂ ಮಾವ. ನಿವೃತ್ತಿ ಹತ್ತಿರ ಬಂದಿದ್ದರೂ ಓಡಿಸುವುದು ಮಾತ್ರ ಯಾರೋ ಅಟ್ಟಿಸಿಕೊಂಡು ಬರುತ್ತಿರುವ ಹಾಗೆ. ರೈಲ್ವೆ ಗೇಟ್ ದಾಟಿದ ಮೇಲೆ ಗೋಡೌನುಗಳ ಸಾಲು ಮುಗಿಯುವವರೆಗೆ ನಮ್ಮ ರಸ್ತೆಯಲ್ಲಿ ಬರೀ ಗುಂಡಿ. ಮಾವ ಅವುಗಳ ಮೇಲೆ ಹಾರಿಸಿಕೊಂಡೇ ಹೋಗುತ್ತಿದ್ದರು. ಹಿಂದಿನ ಸೀಟಿನವರು ಇಳಿಯುವಾಗ ಸೊಂಟ ಹಿಡಿದುಕೊಂಡು, ಮಾವನ ವಂಶದ ಹಿರಿಯರನ್ನೆಲ್ಲ ನೆನೆಸಿಕೊಂಡು ಇಳಿಯುತ್ತಿದ್ದರು.

ಚೆಕಿಂಗ್ ಶಾಲೆಗೆ ಹೋಗತೊಡಗಿದ ಮೇಲೆ ಅತ್ತಿಗೆಗೆ ಇನ್ನೊಂದು ಮಗುವಿನ ಆಸೆ. ಅಂತಿಂಥ ಆಸೆಯಲ್ಲ. ತಿಂಗಳು ತಿಂಗಳೂ ಕಾಯುವುದು, ತಿಂಗಳು ತಿಂಗಳೂ ಬಚ್ಚಲಲ್ಲಿ ಮುಖ ತೊಳೆದುಕೊಂಡು ಏನೂ ಆಗದವಳ ಹಾಗೆ ಹೊರಗೆ ಬರುವುದು. ಕೊನೆಗೊಂದು ಬೆಳಿಗ್ಗೆ ಪರೀಕ್ಷೆಯ ಕಡ್ಡಿಯ ಮೇಲೆ ಎರಡು ಗೆರೆ ಮೂಡಿದವು. ಅಣ್ಣ ಅದೇ ವಾರ ಒಂದು ಡಬ್ಬ ಬಣ್ಣ ತಂದ. ಅಂಗಡಿಯ ಯಾವ ಬಣ್ಣದ ಪಟ್ಟಿಯಲ್ಲೂ ಇಲ್ಲದ ಬಣ್ಣ, ಅವನೇ ಬೆರೆಸಿದ್ದು, ಬೆಣ್ಣೆಯ ಬಣ್ಣ ಅನ್ನಿ. "ಕೋಣೆಗೆ" ಅಂದ. ಮನೆಯಲ್ಲಿ ಇರುವುದೇ ಎರಡು ಕೋಣೆ, ಹೋಗುವುದು ನನ್ನದೇ ಅಂತ ಆಗಲೇ ಗೊತ್ತಾಯಿತು. ಸಿಟ್ಟು ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಖುಷಿಯೇ ಹೆಚ್ಚಾಗಿತ್ತು.

ನಮ್ಮ ಬೀದಿಯ ಕೊನೆಯ ಕ್ಲಿನಿಕ್ಕಿನಲ್ಲಿ ಸ್ಕ್ಯಾನ್ ಮಾಡಿಸಿದೆವು. ಸ್ಕ್ಯಾನ್ ಮಾಡುವ ಹುಡುಗಿ ಪರದೆಯಿಂದ ಕಣ್ಣು ತೆಗೆಯದೆ "ಮೊದಲನೇದು?" ಅಂದಳು. ಅತ್ತಿಗೆ "ಹೆಣ್ಣು" ಅಂದಳು. ಅಲ್ಲಿಗೆ ಮುಗಿಯಿತು. ಆ ಹೆಣ್ಣು ಹೇಗೆ ಹುಟ್ಟಿತು ಅಂತ ಯಾರೂ ಕೇಳಲಿಲ್ಲ, ಹೇಳಬೇಕು ಅಂತ ನಮಗೂ ಹೊಳೆಯಲಿಲ್ಲ. ಚೆಕಿಂಗ್ ಹೊಟ್ಟೆಯಲ್ಲಿ ಅಡ್ಡ ತಿರುಗಿ ನಿಂತಿದ್ದರಿಂದ ಆಪರೇಷನ್ ಮಾಡಿ ತೆಗೆದಿದ್ದರು. ಗಾಯ ಮಾಯ್ದು, ಹೊಲಿಗೆಯ ಗೆರೆ ಮಾಸಿ, ಆ ವಿಷಯ ನಮ್ಮ ಲೆಕ್ಕದಲ್ಲಿ ಹಳೆಯದಾಗಿತ್ತು. ಹುಡುಗಿ ಮೆಷಿನ್ನಿನ ಗುಂಡಿ ಒತ್ತಿ ಎದೆಬಡಿತ ಕೇಳಿಸಿದಳು. ಕುದುರೆ ಓಡುವ ಸದ್ದು. ಅಣ್ಣ ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡ. "ಗರ್ಭ ಸ್ವಲ್ಪ ಕೆಳಗಿದೆ, ಆದ್ರೆ ಒಳಗೇ ಇದೆ. ಹುಷಾರಾಗಿರಿ" ಅಂದರು ಕ್ಲಿನಿಕ್ಕಿನ ಡಾಕ್ಟರು.

ಅದಾಗಿ ಕೆಲವೇ ದಿನಕ್ಕೆ ಅತ್ತಿಗೆಗೆ ರಕ್ತ ಕಾಣಿಸಿಕೊಂಡಿತು. ಹೆಚ್ಚೇನಲ್ಲ, ಒಂದೊಂದು ಕಲೆ, ನೋವೂ ಇಲ್ಲ. ಡಾಕ್ಟರು ಮಾತ್ರೆ ಬರೆದು "ಓಡಾಟ ಕಮ್ಮಿ ಮಾಡಿ" ಅಂದರು. ಬಸ್ಸಿನಲ್ಲಿ ಕೆಲಸ ಮಾಡುವವಳಿಗೆ ಹೇಳುವ ಮಾತೇ ಇದು? ರಜೆಯನ್ನೆಲ್ಲ ಅವಳು ಹೆರಿಗೆಗೆ ಅಂತ ಕೂಡಿಟ್ಟಿದ್ದಳು. ಈಗಲೇ ಖರ್ಚು ಮಾಡಿದರೆ ಮಗುವನ್ನು ಯಾರ ಕೈಗೆ ಕೊಟ್ಟು ಬರುವುದು? ಡಿಪೋದಲ್ಲಿ ಕೂತು ಮಾಡುವ ಕೆಲಸ ಕೇಳಿದಳು. ಜಾಗವಿಲ್ಲ ಅಂದರು.

ರಕ್ತ ಯಾಕೆ ಬರುತ್ತಿದೆ ಅನ್ನುವುದನ್ನು ಆಗ ನಮ್ಮ ಬಸ್ಸು ತೀರ್ಮಾನ ಮಾಡಿತು. ಗುಂಡಿಯಿಂದ. ಇನ್ಯಾತರಿಂದ? ಬಸ್ಸಿನವರಿಗೆ ಹಲ್ಲುನೋವು ಬಂದರೂ ಗುಂಡಿಯಿಂದಲೇ. ಡ್ರೈವರ್ ಮಾವ ಅತ್ತಿಗೆಯ ಕೈಯಲ್ಲಿದ್ದ ಮಾತ್ರೆಯ ಚೀಟಿ ನೋಡಿ, ಏನೂ ಕೇಳದೆ ಹೋಗಿ ಸೀಟಿನಲ್ಲಿ ಕೂತರು. ಆವತ್ತು ರೈಲ್ವೆ ಗೇಟ್ ದಾಟಿದ ಮೇಲೆ ಬಸ್ಸು ಹೋದ ರೀತಿ ನೋಡಬೇಕಿತ್ತು. ತುಂಬಿದ ಹಾಲಿನ ಪಾತ್ರೆಯನ್ನು ಎರಡು ಕೈಯಲ್ಲಿ ಹಿಡಿದು ಹೊಸಿಲು ದಾಟುವವರ ಹಾಗೆ ಒಂದೊಂದು ಗುಂಡಿಯನ್ನೂ ಬಳಸಿ ಬಳಸಿ ಹೋಯಿತು. ಹಿಂದಿನ ಗಾಡಿಗಳು ಹಾರ್ನ್ ಹೊಡೆದು ಹೊಡೆದು ಸುಸ್ತಾದವು.

ದಿನಾ ಬರುವವರಿಗೆ ಯಾರೂ ಬಿಡಿಸಿ ಹೇಳಲಿಲ್ಲ, ಆದರೂ ತಿಳಿಯಿತು. ಬ್ಯಾಂಕಿನ ಮೇಡಂ ಒಂದು ದಿಂಬು ತಂದು ಕಂಡಕ್ಟರ್ ಸೀಟಿಗೆ ಕಟ್ಟಿದರು. ನಿವೃತ್ತ ಮೇಷ್ಟ್ರೊಬ್ಬರು ಹಿಂದಿನ ಬಾಗಿಲ ಪಕ್ಕ ನಿಂತು, ತಾವೇ ಚಿಲ್ಲರೆ ಇಸಿದುಕೊಂಡು ಕೈಯಿಂದ ಕೈಗೆ ದಾಟಿಸಿ, ಟಿಕೆಟ್ಟನ್ನು ಹಾಗೇ ವಾಪಸ್ ತರಿಸುತ್ತಿದ್ದರು. ಅತ್ತಿಗೆ ಎದ್ದು ನಿಂತರೆ ಸಾಕು, "ಕೂತ್ಕೊಳ್ಳಮ್ಮ ನೀನು" ಅಂತ ಗದರುತ್ತಿದ್ದರು. ಎಲ್ಲರೂ ದಿನಾ ತಡವಾಗಿ ಕೆಲಸಕ್ಕೆ ಹೋಗಿ ಬೈಸಿಕೊಂಡರು. ನನ್ನ ಅಂಗಡಿಯವರು ನನಗೂ ಸರಿಯಾಗೇ ಹಾಕಿದರು. ನಿಧಾನ ಓಡಿಸಿದ್ದಕ್ಕೆ ಮಾವನಿಗೆ ಡಿಪೋದಿಂದ ನೋಟೀಸ್ ಬಂತು. ವೇಗ ಹೆಚ್ಚಾಯಿತು ಅಂತ ಜೀವಮಾನವೆಲ್ಲ ನೋಟೀಸ್ ತಿಂದವರು, "ಇದೊಂದು ಬಾಕಿ ಇತ್ತು" ಅಂತ ನಕ್ಕು ಜೇಬಿಗೆ ಹಾಕಿಕೊಂಡರು. ಅಣ್ಣ ಒಂದು ದಿನ ಬಸ್ಸಿಗೇ ಬಂದು ಮಾವನಿಗೆ ಫೋನಿನಲ್ಲಿದ್ದ ಎದೆಬಡಿತ ಕೇಳಿಸಿದ. ಮಾವ ಇಂಜಿನ್ ಆಫ್ ಮಾಡಿ ಕೇಳಿದರು.

ಇಷ್ಟು ಜನ, ಇಷ್ಟು ಪ್ರೀತಿ, ಇಷ್ಟು ಜೋಪಾನ. ಎಲ್ಲವೂ ಸಂಬಂಧವೇ ಇಲ್ಲದ ಜಾಗಕ್ಕೆ ಹೋಗಿ ಬೀಳುತ್ತಿತ್ತು.

ಆಮೇಲೊಂದು ಸಂಜೆ ಗೋಡೌನಿನ ಹತ್ತಿರ ನಾಯಿಯೊಂದು ಅಡ್ಡ ಬಂತು. ಮಾವ ಸ್ಟೇರಿಂಗ್ ಎಳೆದರು, ಮುಂದಿನ ಚಕ್ರ ಧಡ್ ಅಂತ ಗುಂಡಿಗೆ ಇಳಿಯಿತು. ಅತ್ತಿಗೆ ಕಂಬ ಹಿಡಿದು ತಡೆದುಕೊಂಡಳು. ಏನೂ ಆಗಲಿಲ್ಲ ಅಂತ ನಕ್ಕಳು ಕೂಡ. ಆದರೆ ಮನೆ ಸೇರುವ ಹೊತ್ತಿಗೆ ಕಾಲಿನ ಮೇಲೆ ರಕ್ತ ಇಳಿಯುತ್ತಿತ್ತು.

ಕ್ಲಿನಿಕ್ಕಿಗೆ ಓಡಿದೆವು. ಡಾಕ್ಟರು ನೋಡಿ, "ಇದು ನಿಲ್ಲೋ ಹಾಗೆ ಕಾಣಲ್ಲ. ಕ್ಲೀನ್ ಮಾಡಿಬಿಡೋಣ, ಸಣ್ಣ ಕೆಲಸ" ಅಂದರು. ಅತ್ತಿಗೆ ಮಂಚದಿಂದ ಇಳಿದೇಬಿಟ್ಟಳು. "ಎದೆಬಡಿತ ಇದೆ ಅಂದ್ರಲ್ಲ ನೀವೇ? ಜೀವ ಇರೋದನ್ನ ಕ್ಲೀನ್ ಮಾಡ್ತಾರಾ? ದೊಡ್ಡಾಸ್ಪತ್ರೆಗೆ ಹೋಗ್ತೀನಿ, ಅವರು ಉಳಿಸ್ಕೊಡ್ತಾರೆ." ಬಸ್ಸಿನ ಗಂಟಲಿನಲ್ಲೇ ಹೇಳಿದಳು. ಮಗುವನ್ನು ಉಳಿಸಿಕೊಳ್ಳುವ ಹಟದಿಂದ ಅವಳು ಅಲ್ಲಿಂದ ಎದ್ದಳು. ಆ ಹಟ ಉಳಿಸಿದ್ದು ಅವಳನ್ನು.

ದೊಡ್ಡಾಸ್ಪತ್ರೆಯಲ್ಲಿ ಹಿರಿಯ ಡಾಕ್ಟರಮ್ಮ ಮೊದಲು ಕೇಳಿದ್ದೇ, "ಮೊದಲನೇ ಹೆರಿಗೆ ಹೇಗಾಯ್ತು?" ಅಂತ. ಆಪರೇಷನ್ ಅಂದಾಗ ಅವರ ಮುಖ ಬದಲಾಯಿತು. ಸ್ಕ್ಯಾನಿನ ಸಲಕರಣೆಯನ್ನು ಈ ಸಲ ಹೊಟ್ಟೆಯ ಮೇಲಿಡದೆ ಕೆಳಗಿನಿಂದ ಒಳಗಿಟ್ಟು, ತುಂಬಾ ಹೊತ್ತು ನೋಡಿದರು. ನಾನು ಅತ್ತಿಗೆಯ ತಲೆಯ ಹತ್ತಿರ ನಿಂತಿದ್ದೆ. ಪರದೆಯನ್ನು ನಮ್ಮ ಕಡೆ ತಿರುಗಿಸಿ, ಬೆರಳಿಟ್ಟು, "ಇಲ್ಲಿ. ಕಾಣ್ತಾ ಇದ್ಯಾ?" ಅಂದರು. ದಿನವೆಲ್ಲ ಅಂಗಡಿಯಲ್ಲಿ ಕೂತು ಗಿರಾಕಿಗಳನ್ನು ಇದೇ ಮಾತು ಕೇಳುವವಳು ನಾನು. ಆವತ್ತು ನನಗೇ ಏನೂ ಕಾಣಲಿಲ್ಲ.

ಅವರು ಅಣ್ಣನನ್ನೂ ಒಳಗೆ ಕರೆದು ನಿಧಾನವಾಗಿ ಹೇಳಿದರು. "ಆಪರೇಷನ್ ಮಾಡಿದಾಗ ಗರ್ಭಕೋಶಕ್ಕೂ ಹೊಲಿಗೆ ಹಾಕಿರ್ತಾರೆ. ಅದು ಮಾಯುತ್ತೆ. ಆದ್ರೆ ಕೆಲವರಿಗೆ ಆ ಜಾಗದಲ್ಲಿ ಸಣ್ಣದೊಂದು ತಗ್ಗು ಉಳಿದುಬಿಡುತ್ತೆ. ಗರ್ಭ ಮೇಲೆ ಹೋಗಿ ಕೂರೋ ಬದ್ಲು ಆ ತಗ್ಗಲ್ಲಿ ಕೂತಿದೆ. ನೋಡಿ, ಮೇಲೆಲ್ಲ ಖಾಲಿ. ಇದರ ಮುಂದಿರೋ ಗೋಡೆ ಈಗ್ಲೇ ಕಾಗದದ ಹಾಗಿದೆ, ಅದರಾಚೆ ಮೂತ್ರಕೋಶ. ಸುತ್ತ ರಕ್ತನಾಳ ತುಂಬ್ಕೊಂಡಿದೆ. ಯಾರಾದ್ರೂ ತಿಳೀದೆ ಕ್ಲೀನ್ ಮಾಡೋಕೆ ಹೋಗಿದ್ರೆ ರಕ್ತ ನಿಲ್ಲಿಸೋಕೆ ಆಗ್ತಿರ್ಲಿಲ್ಲ."

ಅಣ್ಣ ಕೇಳಿದ್ದು ಒಂದೇ. "ಮಗುಗೆ ಏನಾಗಿದೆ?"

"ಮಗುಗೆ ಏನೂ ಆಗಿಲ್ಲಪ್ಪ. ಎದೆಬಡಿತ ಚೆನ್ನಾಗಿದೆ. ಇರೋ ಜಾಗ ಸರಿ ಇಲ್ಲ."

ಮಗು ಸರಿಯಿಲ್ಲ ಅಂದಿದ್ದರೆ ಏನೋ ಒಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಅಣ್ಣ ನೀಲಿ ಬಣ್ಣ ಹತ್ತಿದ್ದ ತನ್ನ ಹೆಬ್ಬೆರಳನ್ನು ಉಜ್ಜುತ್ತಾ ನಿಂತ. ಹೊರಗೆ ಯಾರೋ ಸ್ಟ್ರೆಚರ್ ತಳ್ಳಿಕೊಂಡು ಹೋದ ಸದ್ದು ಕೇಳಿತು.

ಅತ್ತಿಗೆ ಪರದೆಯನ್ನೇ ನೋಡುತ್ತಿದ್ದಳು. ಮನೆಯ ಮೆತ್ತನೆ ದನಿಯಲ್ಲಿ, "ಮೇಡಂ, ಒಳಗೆ ಅಷ್ಟೊಂದು ಜಾಗ ಖಾಲಿ ಇದ್ಯಲ್ಲ. ಸ್ವಲ್ಪ ಮೇಲಕ್ಕೆ ಸರಿಸಕ್ಕಾಗಲ್ವಾ?" ಅಂದಳು.

ಡಾಕ್ಟರಮ್ಮ ಕೈಗವಸು ಬಿಚ್ಚಿ, ಅವಳ ಹಣೆಯ ಮೇಲೆ ಕೈಯಿಟ್ಟು, "ಆಗಲ್ಲಮ್ಮ. ಯಾವ ಊರಲ್ಲೂ ಆಗಲ್ಲ, ಯಾರ ಕೈಲೂ ಆಗಲ್ಲ" ಅಂದರು.

"ನಾನು ಮಲಗೇ ಇರ್ತೀನಿ. ಹೆರಿಗೆ ಆಗೋವರೆಗೂ ಮಂಚದಿಂದ ಕಾಲು ಕೆಳಗಿಡಲ್ಲ."

"ಹಾಗೆ ಮುಂದುವರಿಸಿದೋರು ಇದ್ದಾರೆ. ಸುಳ್ಳು ಹೇಳಲ್ಲ. ಕೆಲವರಿಗೆ ಮಗುನೂ ಸಿಕ್ಕಿದೆ, ಆದ್ರೆ ಅವರಲ್ಲಿ ಎಷ್ಟೋ ಜನರ ಗರ್ಭಕೋಶ ತೆಗೀಬೇಕಾಯ್ತು. ಕೆಲವರಿಗೆ ನಡುವೆ ಗೋಡೆ ಒಡೀತು. ಮನೆಗೆ ವಾಪಸ್ ಹೋಗದೇ ಇದ್ದೋರೂ ಇದ್ದಾರೆ. ನಿಮ್ಮ ಗೋಡೆ ನೋಡಿದ್ರೆ ನಾನಂತೂ ಕಾಯಿ ಅನ್ನಲ್ಲ. ರಕ್ತ ಬೇರೆ ಹೋಗ್ತಾ ಇದೆ. ಮಾತಾಡ್ಕೊಂಡು ಹೇಳಿ, ಆದ್ರೆ ಬೇಗ ಹೇಳಿ."

ಅತ್ತಿಗೆಯನ್ನು ವಾರ್ಡಿಗೆ ತಂದು ಮಲಗಿಸಿದರು. ಅಣ್ಣ "ಇರು, ನೀರು ತರ್ತೀನಿ" ಅಂತ ಎದ್ದು ಹೋದ, ಬರಿಗೈಯಲ್ಲಿ ಬಂದ, ಮತ್ತೆ ಹೋದ. ಅತ್ತಿಗೆ ನನ್ನ ಕಡೆ ತಿರುಗಿ, "ಅಕ್ಕ, ಎಲ್ಲಾದಕ್ಕೂ ನಿನ್ನತ್ರ ಮಾತಿರುತ್ತಲ್ಲ, ಈಗ ಹೇಳು" ಅಂದಳು. ನಿಜ, ನನ್ನ ನಾಲಿಗೆಗೆ ಬೀಗವಿಲ್ಲ ಅಂತ ಮನೆಯವರೆಲ್ಲ ಆಡಿಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ಅದು ಎಲ್ಲಿ ಹೋಗಿತ್ತೋ. ಬೇಡ ಅನ್ನು ಅಂತ ಹೇಳಿದರೆ ಒಂದು ಜೀವ, ಇರಲಿ ಅನ್ನು ಅಂತ ಹೇಳಿದರೆ ಇನ್ನೊಂದು ಜೀವ. ನಾನು ಅವಳ ಕಾಲಿನ ಮೇಲಿನ ಹೊದಿಕೆಯನ್ನು ಸರಿಮಾಡಿದೆ. ಸರಿಯಾಗೇ ಇತ್ತು, ಆದರೂ ಮಾಡಿದೆ.

ಆಗ ಪಕ್ಕದ ಮನೆಯವರ ಫೋನಿನಿಂದ ಚೆಕಿಂಗ್ ಮಾತಾಡಿದಳು. "ಅಮ್ಮ, ನೀನು ಬರೋವರೆಗೂ ನಾನು ಬಾಗ್ಲಲ್ಲೇ ನಿಂತಿರ್ತೀನಿ. ನಿಂಗೆ ಮಾತ್ರ ಟಿಕೆಟ್ ಬೇಡ." ಅತ್ತಿಗೆ "ಹೂಂ ಕಂದ, ಊಟ ಮಾಡು" ಅಂದು ಫೋನ್ ಇಟ್ಟಳು. ಗೋಡೆಯ ಕಡೆ ತಿರುಗಿ ಮಲಗಿ, "ಡಾಕ್ಟರನ್ನ ಕರೀರಿ. ಮಾಡಿಬಿಡಲಿ" ಅಂದಳು. ಅಣ್ಣ ಅಳಲು ಶುರು ಮಾಡಿದ್ದು ಆಗಲೇ. ಅವಳು ಅಳಲಿಲ್ಲ. ಅವಳು ಅತ್ತಿದ್ದರೆ ನನಗೆ ಏನಾದರೂ ಮಾಡಲು ಇರುತ್ತಿತ್ತು.

ಪರದೆಯಲ್ಲಿ ನೋಡಿಕೊಳ್ಳುತ್ತಲೇ ಉದ್ದನೆಯ ಸೂಜಿಯಲ್ಲಿ ಆ ಜಾಗಕ್ಕೆ ಮದ್ದು ಬಿಟ್ಟರು. ಆ ಸಲ ಪರದೆಯನ್ನು ನಮ್ಮ ಕಡೆ ತಿರುಗಿಸಲಿಲ್ಲ. ಬಡಿತ ನಿಂತ ಮೇಲೆ, ರಕ್ತದ ಬಾಟಲಿಗಳನ್ನೆಲ್ಲ ಪಕ್ಕದಲ್ಲಿ ಇರಿಸಿಕೊಂಡು, ಇನ್ನೊಂದು ದಿನ ಸ್ಕ್ಯಾನಿನಲ್ಲೇ ದಾರಿ ನೋಡುತ್ತಾ ಮೆಲ್ಲಗೆ ಎಳೆದು ತೆಗೆದರು. ರಕ್ತ ಒತ್ತಿ ಹಿಡಿಯಲು ಒಳಗೆ ಸಣ್ಣ ಬಲೂನು ಊದಿ ಇಟ್ಟರು. ಗರ್ಭಕೋಶ ಉಳಿಯಿತು, ಅತ್ತಿಗೆ ಉಳಿದಳು. "ಅದೃಷ್ಟ ಚೆನ್ನಾಗಿತ್ತು" ಅಂತ ನರ್ಸು ಹೇಳಿದಾಗ ಅವಳ ತಪ್ಪಿಲ್ಲದಿದ್ದರೂ ನನಗೆ ಮೈಯೆಲ್ಲ ಉರಿಯಿತು.

ಅಲ್ಲಿಗೂ ಮುಗಿಯಲಿಲ್ಲ. ಒಳಗೆ ಚೂರೂ ಉಳಿದಿಲ್ಲ ಅಂತ ಖಚಿತವಾಗುವವರೆಗೆ ವಾರ ವಾರ ರಕ್ತ ಪರೀಕ್ಷೆ ಮಾಡಿಸಬೇಕಿತ್ತು. ಮಗು ಹೋದ ಮೇಲೂ ರಕ್ತದಲ್ಲಿ ಬಸುರಿನ ಅಂಶ ಇರುತ್ತದಂತೆ, ಇಳಿದು ಇಳಿದು ಸೊನ್ನೆಗೆ ಬರಬೇಕಂತೆ. ಪ್ರತಿ ವಾರ ಅತ್ತಿಗೆ ಹೋಗಿ ಕೈಚಾಚಿ ಕೂರುತ್ತಿದ್ದಳು. ಒಂದು ದಿನ ಬಂದು, "ಇನ್ನೂ ಸ್ವಲ್ಪ ಬಸುರಿ ಅಂತೆ, ಅಕ್ಕ" ಅಂದಳು. ಸೊನ್ನೆ ಬಂದ ದಿನ ಚೀಟಿಯನ್ನು ಮಡಿಚಿ ದಿಂಬಿನ ಕೆಳಗಿಟ್ಟು ಅಡುಗೆಗೆ ನಿಂತಳು. ಮುಂದೆ ಮಗು ಆಗಬಹುದು, ಆದರೆ ವರ್ಷವಾದರೂ ಕಾಯಿರಿ, ಬಸುರಾದ ಕೂಡಲೇ ಬಂದು ತೋರಿಸಿ ಅಂತ ಡಾಕ್ಟರಮ್ಮ ಹೇಳಿದ್ದರು. ಬಣ್ಣದ ಡಬ್ಬ ನನ್ನ ಕೋಣೆಯ ಮಂಚದ ಕೆಳಗೆ ಹಾಗೇ ಇತ್ತು. ಕಸ ಗುಡಿಸುವಾಗ ಪೊರಕೆ ತಗುಲಿದರೆ ಅಲ್ಲಿಗೇ ಗುಡಿಸುವುದನ್ನು ನಿಲ್ಲಿಸಿಬಿಡುತ್ತಿದ್ದೆ.

ಈ ನಡುವೆ ಡ್ರೈವರ್ ಮಾವ ಬೇರೆ ರೂಟು ಕೇಳಿಕೊಂಡಿದ್ದಾರೆ ಅಂತ ಸುದ್ದಿ ಬಂತು. ಅತ್ತಿಗೆ ನನ್ನನ್ನು ಕರೆದುಕೊಂಡು ಅವರ ಮನೆಗೆ ಹೋದಳು. ಮಾವ ಬಾಗಿಲಲ್ಲೇ ತಲೆ ತಗ್ಗಿಸಿ ನಿಂತರು. "ನಾಯಿ ಹೋದ್ರೆ ಹೋಗ್ಲಿ ಅನ್ಬೇಕಿತ್ತಮ್ಮ ನಾನು" ಅಂದರು. ಅತ್ತಿಗೆ ಅವರನ್ನು ಕೂರಿಸಿ, ತನ್ನ ಹೊಟ್ಟೆಯ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದಳು. "ಇಲ್ಲಿ ಹಳೇ ಹೊಲಿಗೆ ಇತ್ತು ಮಾವ. ಅದು ಮೊದಲ ದಿನದಿಂದ್ಲೇ ಅಲ್ಲಿ ಕೂತಿತ್ತು. ನಾನು ಮನೇಲೇ ಮಲಗಿದ್ರೂ ಹೀಗೇ ಆಗ್ತಿತ್ತು. ನಿಮ್ಮ ಗುಂಡಿಗೂ ಇದಕ್ಕೂ ಸಂಬಂಧ ಇಲ್ಲ." ಮಾವ ಎಲ್ಲದಕ್ಕೂ ಹೂಂ, ಹೂಂ ಅಂತ ತಲೆಯಾಡಿಸಿದರು. ನಂಬಲಿಲ್ಲ. ತನ್ನದೇ ತಪ್ಪು ಅಂತ ಕೂತ ಮನುಷ್ಯನಿಗೆ ತಪ್ಪು ಯಾರದ್ದೂ ಅಲ್ಲ ಅಂತ ಹೇಗೆ ನಂಬಿಸುವುದು? ಆದರೂ ಅವಳ ಮಾತಿಗೆ ಕಟ್ಟುಬಿದ್ದು ರೂಟು ಬದಲಿಸಲಿಲ್ಲ.

ಅತ್ತಿಗೆ ಡ್ಯೂಟಿಗೆ ಮರಳಿದ ಬೆಳಿಗ್ಗೆ ನಾನು ಎಂದಿನ ಸ್ಟಾಪಿನಲ್ಲೇ ಹತ್ತಿದೆ. ಮುಂದೆ ಬಂದು ನಿಂತು "ಎಲ್ಲಿಗೆ?" ಅಂದಳು. ಹೇಳಿದೆ. ಟಿಕೆಟ್ ಕೊಟ್ಟಳು. ಸೀಟಿಗೆ ಕಟ್ಟಿದ್ದ ದಿಂಬು ಇನ್ನೂ ಅಲ್ಲೇ ಇತ್ತು. ಅದನ್ನು ಬಿಚ್ಚುವ ಧೈರ್ಯ ಯಾರಿಗೂ ಆಗಿರಲಿಲ್ಲ. ಮಾರ್ಕೆಟ್ ಸ್ಟಾಪಿನಲ್ಲಿ ಒಂದು ಗುಂಪು ಹತ್ತಿ ಫುಟ್‌ಬೋರ್ಡಿನ ಮೇಲೇ ಜೋತುಬಿತ್ತು. ಅತ್ತಿಗೆ ಬಾಯಿ ತೆರೆದಳು. ಒಳಗೆ ಬನ್ನಿ, ಜಾಗ ಖಾಲಿ ಇದೆ ಅಂತ ಈಗ ಕೂಗುತ್ತಾಳೆ ಅಂತ ಕಾದೆ. ಕೂಗಲಿಲ್ಲ. ಅವರ ತೋಳು ಮುಟ್ಟಿ ಒಬ್ಬೊಬ್ಬರನ್ನೇ ಒಳಗೆ ಸರಿಸಿದಳು.

ರೈಲ್ವೆ ಗೇಟ್ ದಾಟಿತು. ಬಸ್ಸು ತಾನಾಗಿ ನಿಧಾನವಾಯಿತು. ಮೊದಲ ಗುಂಡಿಯನ್ನು ಬಳಸಿತು, ಎರಡನೆಯದನ್ನು ಬಳಸಿತು. ಮೇಷ್ಟ್ರು ಕಿಟಕಿಯ ಕಡೆ ತಿರುಗಿಕೊಂಡರು, ಬ್ಯಾಂಕಿನ ಮೇಡಂ ತಲೆ ತಗ್ಗಿಸಿದರು. ಹಿಂದಿನಿಂದ ಹಾರ್ನಿನ ಮೇಲೆ ಹಾರ್ನು. ಮಾವ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು, ತುಂಬಿದ ಪಾತ್ರೆಯನ್ನು ಒಯ್ಯುವ ಹಾಗೇ ಒಯ್ಯುತ್ತಿದ್ದರು. ನನಗೆ ಕೂಗಿಬಿಡಬೇಕು ಅನ್ನಿಸಿತು. ಏನಂತ ಕೂಗುವುದು?

ಅತ್ತಿಗೆ ಎದ್ದು, ಕಂಬದಿಂದ ಕಂಬಕ್ಕೆ ಕೈ ಹಾಕುತ್ತಾ ಮುಂದೆ ಹೋಗಿ, ಮಾವನ ಸೀಟಿನ ಹಿಂದೆ ನಿಂತಳು.

"ಬೇಗ ಹೋಗಿ ಮಾವ" ಅಂದಳು. "ಇನ್ನು ಪರವಾಗಿಲ್ಲ."

ಮಾವ ಗೇರ್ ಬದಲಿಸಲಿಲ್ಲ. ಅವರ ಹೆಗಲು ಅಲುಗುತ್ತಿದ್ದುದು ನಾನು ಕೂತಲ್ಲಿಗೂ ಕಾಣುತ್ತಿತ್ತು. ಅತ್ತಿಗೆ ಕೊರಳಲ್ಲಿದ್ದ ವಿಷಲನ್ನು ಬಾಯಿಗಿಟ್ಟಳು. ಮೊದಲ ಸಲ ಬರೀ ಗಾಳಿ ಬಂತು. ಆಮೇಲೆ ಬಸ್ಸು ಹೊರಡಿಸುವಾಗ ಊದುವ ಹಾಗೆ ಎರಡು ಸಲ ಊದಿದಳು. ಬಸ್ಸು ಗುಂಡಿಗಳ ಮೇಲೆ ಎದ್ದು ಬಿದ್ದು ಓಡತೊಡಗಿತು. ನಾವೆಲ್ಲ ಸೀಟು ಹಿಡಿದುಕೊಂಡು ಕೂತೆವು. ಅವಳು ಗೋಡೌನುಗಳ ಸಾಲು ಮುಗಿಯುವವರೆಗೂ ನಿಂತೇ ಇದ್ದಳು.